ಅರವತ್ತನೆಯ ರಾತ್ರಿ

ಲಿಫ್ಟಿನೊಳಗೆ ಒಂದು ಸೋಫಾ ಇತ್ತು. ಹೆಂಡತಿ ಅದರ ಮೇಲೆ ಕೂತೇಬಿಟ್ಟಳು. ಕೂರಲೆಂದೇ ಇಟ್ಟ ಸೋಫಾ ಅದು, ಸಂದೇಹವಿಲ್ಲ. ಆದರೆ ಇಂಥ ಹೋಟೆಲಿನ ಲಿಫ್ಟಿನಲ್ಲಿ ಸೋಫಾದ ಮೇಲೆ ಯಾರೂ ಕೂರುವುದಿಲ್ಲ ಎಂಬುದು ಹೋಟೆಲುಗಳಲ್ಲಿ ಐನೂರು ರಾತ್ರಿ ಕಳೆದ ಅವನಿಗೆ ಗೊತ್ತಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ತುಂಬಿದ ಬಸ್ಸಿನಲ್ಲಿ ಸೀಟು ಸಿಕ್ಕವಳ ಹಾಗೆ ಅವಳು ಸಮಾಧಾನದಿಂದ ಎದುರಿನ ಕನ್ನಡಿ ನೋಡುತ್ತಿದ್ದಳು. ಅವರನ್ನು ರೂಮಿಗೆ ಕರೆದೊಯ್ಯುತ್ತಿದ್ದ ಬಟ್ಲರ್ ಹೆಂಗಸು ನೋಡಿಯೂ ನೋಡದಂತೆ ನಿಂತಿದ್ದಳು. ಹೆಂಡತಿಯದೇ ವಯಸ್ಸು, ಕೈಗೆ ಬಿಳಿ ಗವಸು, ಬಿಗಿಯಾಗಿ ಕಟ್ಟಿದ ತುರುಬು. ಏಳೇ ಎನ್ನಬೇಕೆನಿಸಿತು ಅವನಿಗೆ. ಅಂದಿದ್ದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು, ಅದೂ ಗಟ್ಟಿಯಾಗಿ. ಮಂಡಿನೋವಿನವಳು, ಆರು ಗಂಟೆ ಪ್ರಯಾಣ ಮಾಡಿ ಬಂದವಳು, ಕೂತರೆ ಇವನ ಗಂಟೇನು ಹೋಯಿತು? ಹಾಗೆಂದು ತನ್ನನ್ನೇ ಬೈದುಕೊಂಡ. ಬೈದುಕೊಂಡ ಮೇಲೂ ಅವಳು ಎದ್ದರೆ ಸಾಕೆನಿಸುತ್ತಲೇ ಇತ್ತು.

ಐದು ನಕ್ಷತ್ರದ ಮೇಲೂ ಒಂದು ದರ್ಜೆ ಇದೆಯೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಹೊರಬಾಗಿಲ ಪಕ್ಕದ ಹಿತ್ತಾಳೆ ಫಲಕದ ಮುಂದೆ ನಿಂತು, "ಐದಕ್ಕಿಂತ ಜಾಸ್ತಿ ಇರುತ್ತಾ? ಮತ್ತೆ ಆರು ಅಂತ ಹಾಕೋಕೇನು ಕಷ್ಟ?" ಎಂದು ಕೇಳಿದ್ದಳು. ಆರು ಎಂದು ಹಾಕುವುದಿಲ್ಲ, ಬೇರೆ ಹೆಸರು ಕೊಡುತ್ತಾರೆ, ಅದಕ್ಕೆ ಬೇರೆ ಪಟ್ಟಿ ಇರುತ್ತದೆ ಎಂದು ಅವನು ವಿವರಿಸಲು ಹೊರಟು ನಡುವೆಯೇ ಕೈಬಿಟ್ಟ. ರೂಮು ಇಷ್ಟು ಅಡಿ ಇರಬೇಕು, ಬೀರುವಿನಲ್ಲಿ ಮರದ ಹ್ಯಾಂಗರುಗಳು ಇಷ್ಟಿರಬೇಕು, ಫೋನು ಮೂರನೆಯ ಸಲ ಬಡಿದುಕೊಳ್ಳುವುದರೊಳಗೆ ಎತ್ತಬೇಕು, ಅತಿಥಿಗೆ ಏನು ಬೇಕೆಂದು ಅವನು ಬಾಯಿಬಿಡುವ ಮೊದಲೇ ತಿಳಿದಿರಬೇಕು. ಇದೆಲ್ಲ ಅವನಿಗೆ ಬಾಯಿಪಾಠ. ಆಸ್ಪತ್ರೆಗಳಲ್ಲಿ ರಕ್ತ ಸೋಸುವ ಯಂತ್ರಗಳನ್ನು ರಿಪೇರಿ ಮಾಡುತ್ತ ಊರೂರು ಅಲೆಯುವ ಇಂಜಿನಿಯರಿಗೆ ಇದನ್ನೆಲ್ಲ ತಿಳಿದು ಆಗಬೇಕಾದ್ದೇನೂ ಇರಲಿಲ್ಲ. ಆದರೆ ಸಂಜೆ ರೂಮಿಗೆ ಮರಳಿದ ಮೇಲೆ ಒಂಟಿ ಮನುಷ್ಯ ಏನಾದರೊಂದು ಎಣಿಸಬೇಕು. ಅವನು ಹ್ಯಾಂಗರುಗಳನ್ನು ಎಣಿಸುತ್ತಿದ್ದ. ಮನೆಗೆ ಬಂದಾಗಲೂ ಬೀರು ತೆರೆದು ಎಣಿಸಿದ್ದುಂಟು. ಏಳು, ಅದರಲ್ಲಿ ಎರಡು ಮುರಿದವು.

ಕೆಳಗೆ ರಿಸೆಪ್ಶನ್ನಿನಲ್ಲಿ ಎದ್ದುನಿಂತು ಕೈಮುಗಿದ ತರುಣಿ ಕಂಪ್ಯೂಟರು ನೋಡಿ ಕಣ್ಣರಳಿಸಿದ್ದಳು. "ಸರ್, ನಮ್ಮ ಹೋಟೆಲುಗಳಲ್ಲಿ ನಿಮ್ಮದು ಐನೂರಾ ಹನ್ನೆರಡು ರಾತ್ರಿ! ಮನೇಲಿ ಮಲಗಿದ್ದಕ್ಕಿಂತ ನಮ್ಮಲ್ಲಿ ಮಲಗಿದ್ದೇ ಜಾಸ್ತಿ ಇರ್ಬೇಕು." ಹೆಂಡತಿ ನಕ್ಕಳು. "ಮೇಡಂ ಮೊದಲನೇ ಸಲವಾ?" "ಹೂಂ, ನಾನು ಮನೇಲೇ ಇರೋಳಮ್ಮ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಅವಳ ಮಾತಿನಲ್ಲಿ ಕೊಂಕಿದ್ದಿದ್ದರೆ ಈ ಮೂರು ವರ್ಷ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳದು ತಮಾಷೆ ಮಾತ್ರ. ವರ್ಷಕ್ಕೆ ಅರವತ್ತು ರಾತ್ರಿ ಉಳಿದವರಿಗೆ ಕೊಡುವ, ಎಲ್ಲಕ್ಕಿಂತ ಮೇಲಿನ ಕಾರ್ಡಿಗೆ ವಜ್ರ ಎಂದು ಹೆಸರು. ಅದು ಮೊದಲ ಸಲ ಬಂದಾಗ ತಿರುವಿ ಮುರುವಿ ನೋಡಿ, "ನನ್ನ ಕಿವಿಗಿಲ್ಲದ ವಜ್ರ ನಿಮ್ಮ ಪರ್ಸಿಗೆ ಬಂತಲ್ಲ ಬಿಡಿ," ಎಂದಿದ್ದಳು. ಅದೇ ಕಾರ್ಡಿನ ಪಾಯಿಂಟುಗಳಲ್ಲಿ ಈಗ ಇಲ್ಲಿ ಎರಡು ದಿನ ಪುಕ್ಕಟೆ ವಾಸ. ಅವನಾಗಿ ಎಂದೂ ಬುಕ್ ಮಾಡುತ್ತಿರಲಿಲ್ಲ. ಆ ಪಾಯಿಂಟುಗಳನ್ನು ಮುಟ್ಟಲು ಅವನಿಗೆ ಮನಸ್ಸಿರಲಿಲ್ಲ. ರಜೆಗೆ ಬಂದ ಮಗಳು ಅವನ ಫೋನಿನಲ್ಲಿ ಏನೋ ಹುಡುಕುವಾಗ ಅವು ಈ ತಿಂಗಳಿಗೆ ಸತ್ತುಹೋಗುತ್ತವೆಂದು ಕಂಡುಹಿಡಿದು, "ಅಮ್ಮನ್ನ ಒಂದು ಸಲನಾದ್ರೂ ಕರ್ಕೊಂಡು ಹೋಗಪ್ಪ, ನೀನೊಬ್ಬನೇ ಸುಖಪಟ್ರೆ ಆಯ್ತಾ?" ಎಂದು ತಾನೇ ಬುಕ್ ಮಾಡಿಬಿಟ್ಟಿದ್ದಳು.

ರೂಮಿನೊಳಗೆ ಹೆಂಡತಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದಳು. ಬಟ್ಲರ್ ಪರದೆ ಸರಿಸಿ, ದೀಪದ ಸ್ವಿಚ್ಚುಗಳನ್ನು ತೋರಿಸಿ, ಕೊನೆಗೆ ಮೇಜಿನ ಮೇಲಿದ್ದ ಬಟ್ಟೆಯ ರಟ್ಟಿನ ಪುಸ್ತಕವೊಂದನ್ನು ಎರಡು ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟಳು. "ಐನೂರು ರಾತ್ರಿ ದಾಟಿದವರಿಗೆ ನಮ್ಮ ಕಾಣಿಕೆ, ಸರ್. ನೀವು ಯಾವ ದಿನ ಯಾವ ಊರಲ್ಲಿ ನಮ್ಮ ಜೊತೆ ಇದ್ರಿ ಅಂತ ಎಲ್ಲಾ ಇದೆ. ನಾನೇ ಕೂತು ಬರ್ದಿದ್ದು." ಅವನು ತೆರೆದು ನೋಡಿದ. ದುಂಡಗಿನ ಕೈಬರಹದಲ್ಲಿ ತಾರೀಖು, ಊರು, ಹೋಟೆಲು, ರೂಮಿನ ನಂಬರು. ಒಂದು ತಂಗುವಿಕೆಗೆ ಒಂದು ಸಾಲು. ತಟ್ಟನೆ ಪುಸ್ತಕ ಮುಚ್ಚಿದ. ಹೆಂಡತಿಗೆ ಬಲು ಖುಷಿ. "ಕೊಡಿ ಇಲ್ಲಿ. ನೀವು ಎಲ್ಲೆಲ್ಲಿ ಮಲಗಿದ್ರಿ ಅಂತ ನಾನೂ ನೋಡ್ಬೇಡ್ವಾ? ಅಯ್ಯೋ, ಕನ್ನಡಕ ಬ್ಯಾಗಿನ ತಳದಲ್ಲಿದೆ. ಇರಿ, ಸ್ನಾನದ ಮನೆ ನೋಡ್ಕೊಂಡು ಬಂದು ಓದ್ತೀನಿ." ಬಟ್ಲರ್ ಹೊರಗೆ ಹೋದಳು. ಸ್ನಾನದ ಮನೆಯಿಂದ ಹೆಂಡತಿಯ ಉದ್ಗಾರಗಳು ಕೇಳಿಬರುತ್ತಿದ್ದವು: ಇಲ್ಲೂ ಒಂದು ಫೋನಿದೆಯಲ್ರೀ, ಇಲ್ಲಿ ಕೂತು ಯಾರಿಗೆ ಫೋನ್ ಮಾಡೋದು? ಅವನು ಮೂರು ವರ್ಷದ ಹಿಂದಿನ ಪುಟ ಹುಡುಕಿದ. ಆ ವರ್ಷದ ಕೊನೆಯ ಹಾಳೆಯಲ್ಲಿ ನಾಲ್ಕೇ ಸಾಲಿದ್ದವು. ನಾಲ್ಕನೆಯದರಲ್ಲಿ ಡಿಸೆಂಬರ್ ಮೂವತ್ತೊಂದು, ಅದರ ಮುಂದೆ ತಮ್ಮದೇ ಊರಿನ ಹೆಸರು. ಹಾಳೆಯನ್ನು ಹರಿದು, ಮುದುರಿ, ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಹರಿದ ಸದ್ದು ಅವನಿಗೇ ದೊಡ್ಡದಾಗಿ ಕೇಳಿಸಿತು.

ಆ ವರ್ಷ ಐವತ್ತೊಂಬತ್ತು ರಾತ್ರಿಯಾಗಿತ್ತು. ಒಂದು ರಾತ್ರಿ ಕಡಿಮೆ, ವರ್ಷ ಮುಗಿಯಲು ಒಂದೇ ದಿನ ಬಾಕಿ. ಬಂದರಿನ ಊರಿನ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ರಾತ್ರಿ ರೈಲು ಹತ್ತಿದವನು ಬೆಳಿಗ್ಗೆ ಸ್ವಂತ ಊರಿನಲ್ಲಿ ಇಳಿದಾಗ ಸ್ಟೇಷನ್ನಿನ ಎದುರಿಗೇ ಇದೇ ಹೋಟೆಲು ಕಂಪನಿಯ ಎಲ್ಲಕ್ಕಿಂತ ಕೆಳದರ್ಜೆಯ ಹೋಟೆಲಿನ ಬೋರ್ಡು ಕಂಡಿತು. ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಹೆಸರು ಬರೆಸಿ, ಕೀಲಿ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ಮನೆ ಸೇರುವುದೆಂದುಕೊಂಡಿದ್ದ. ಕಾರ್ಡು ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ರೂಮಿನ ಬಾಗಿಲು ತೆರೆದಾಗ ಒಂದು ಸುಕ್ಕಿಲ್ಲದ ಬಿಳಿ ಹಾಸಿಗೆ ಇವನೊಬ್ಬನಿಗೋಸ್ಕರವೇ ಕಾದಿತ್ತು. ಮನೆಯಲ್ಲಿ ಆಗ ಹೆಂಡತಿಯ ತಾಯಿ ಇದ್ದರು, ಎರಡು ವರ್ಷದಿಂದ. ಕೆಟ್ಟವರೇನಲ್ಲ. ಕೋಲೂರಿಕೊಂಡು ಬಂದು, ತಾವು ಓದಿದ ಪೇಪರನ್ನು ಓದೇ ಇಲ್ಲವೆಂಬಂತೆ ನೀಟಾಗಿ ಮಡಿಸಿ ಅಳಿಯನಿಗೆಂದು ಎತ್ತಿಡುವ ಮುದುಕಿ. ಆದರೆ ಆ ಎರಡು ಕೋಣೆಯ ಮನೆಯಲ್ಲಿ ಆ ಕೋಲಿನ ಸದ್ದು, ಕೆಮ್ಮು, ಬಂದ್ರಾ ಎಂಬ ಪ್ರಶ್ನೆ, ಊಟ ಆಯ್ತಾ ಎಂಬ ಪ್ರಶ್ನೆ. ಅವನಿಗೆ ಸುಸ್ತಾಗಿತ್ತು. ಮಂಚದ ತುದಿಯಲ್ಲಿ ಕೂತು ಮನೆಗೆ ಫೋನ್ ಮಾಡಿ, ಯಂತ್ರದ ಪಂಪು ಮತ್ತೆ ಕೈಕೊಟ್ಟಿದೆ, ಇನ್ನೂ ಬಂದರಿನ ಊರಲ್ಲೇ ಇದ್ದೇನೆ, ನಾಳೆ ಬರುತ್ತೇನೆ ಎಂದ. ಹುಷಾರು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದಳು ಅವಳು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳ ಫೋನು ಬಂತು. ಅಮ್ಮ ಬಚ್ಚಲಲ್ಲಿ ಬಿದ್ದುಬಿಟ್ರು. ಮಾತಾಡ್ತಾ ಇಲ್ಲ. ಇಲ್ಲ ಕಣ್ರೀ, ಹೋಗ್ಬಿಟ್ರು. ಈಗಲೇ ಹೊರಟೆ ಎಂದವನು ನಿಜವಾಗಿಯೂ ಎದ್ದ, ಶೂ ಹಾಕಿಕೊಂಡ, ಲೇಸು ಕಟ್ಟಿದ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಆಗ ಹೊಳೆಯಿತು, ತಾನು ಇರುವುದು ಆರು ಗಂಟೆ ದೂರದಲ್ಲಿ ಎಂದು. ಹತ್ತು ನಿಮಿಷದಲ್ಲಿ ಹೋಗಿ ನಿಂತರೆ ಏನು ಹೇಳುವುದು? ಏನಾದರೂ ಹೇಳಬಹುದಿತ್ತು. ಇವತ್ತು ಯೋಚಿಸಿದರೆ ಹೇಳಬಹುದಾದ ಹತ್ತು ಮಾತು ಹೊಳೆಯುತ್ತವೆ, ಸತ್ಯವೂ ಅವುಗಳಲ್ಲೊಂದು. ಆವತ್ತು ಒಂದೂ ಹೊಳೆಯಲಿಲ್ಲ. ಮತ್ತೆ ಮಂಚದ ಮೇಲೆ ಕೂತು ಲೇಸು ಬಿಚ್ಚಿದ. ಒಂದು ಗಂಟೆಗೆ ಹಸಿವಾಯಿತು. ಊಟ ತರಿಸಿ ತಿಂದ, ಬಡಿಸಿದ್ದನ್ನೆಲ್ಲ ತಿಂದ. ಆಮೇಲೆ ಕಣ್ಣು ಮುಚ್ಚಿದವನಿಗೆ ಎಚ್ಚರವಾದಾಗ ಮೂರು ಮುಕ್ಕಾಲು. ಅಷ್ಟು ಒಳ್ಳೆಯ ನಿದ್ದೆ ವರ್ಷಗಳಿಂದ ಬಂದಿರಲಿಲ್ಲ, ಅದೇ ಅಸಹ್ಯ. ಸಂಜೆ ಐದೂವರೆಗೆ ಬ್ಯಾಗು ಹಿಡಿದು ಮನೆಯ ಮುಂದೆ ನಿಂತಾಗ ಹೆಂಡತಿ ಸೇರಿದ ಜನರೆಲ್ಲರ ಎದುರು, "ಪಾಪ, ಅಷ್ಟು ದೂರದಿಂದ ಒಂದೇ ಉಸಿರಿಗೆ ಬಂದಿದ್ದಾರೆ, ಮೊದಲು ಅವರಿಗೆ ನೀರು ಕೊಡಿ," ಎಂದಳು. ಯಾರೋ ನೀರು ಕೊಟ್ಟರು, ಅವನು ಕುಡಿದ. ಆ ಆರೂವರೆ ಗಂಟೆಯ ಹೊತ್ತನ್ನು ಮೂರು ವರ್ಷದಿಂದ ಅವನು ಯಂತ್ರ ಬಿಚ್ಚಿ ನೋಡುವ ಹಾಗೆ ಬಿಡಿಬಿಡಿಯಾಗಿ ತೆಗೆದು ನೋಡುತ್ತ ಬಂದಿದ್ದ. ತನ್ನ ತಪ್ಪಿನ ಒಂದೊಂದು ಭಾಗವೂ ತನಗೆ ಗೊತ್ತೆಂಬುದೊಂದೇ ಅವನ ಪಾಲಿನ ಮರ್ಯಾದೆಯಾಗಿ ಉಳಿದಿತ್ತು.

"ಸ್ನಾನ ಮಾಡ್ಕೊಳ್ರೀ, ಬಿಸಿನೀರು ಧೋ ಅಂತ ಬರುತ್ತೆ," ಎಂದು ಹೆಂಡತಿ ಹೊರಗೆ ಬಂದಳು. ಪ್ಯಾಂಟು ಕಳಚಿ ಕುರ್ಚಿಗೆ ಹಾಕಿ ಒಳಹೋದವನು ನೀರಿನಡಿ ಬಹಳ ಹೊತ್ತು ನಿಂತ. ಟವೆಲು ಸುತ್ತಿಕೊಂಡು ಹೊರಬಂದರೆ ಕುರ್ಚಿ ಖಾಲಿ. ಹೆಂಡತಿ ಕನ್ನಡಕ ಏರಿಸಿ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತಿದ್ದಳು, ಮೊದಲನೆಯ ವರ್ಷದಲ್ಲೇ ಇದ್ದಳು. ಗೆದ್ದವಳ ಮುಖದಲ್ಲಿ, "ವಜ್ರದವರಿಗೆ ದಿನಕ್ಕೆ ಎರಡು ಬಟ್ಟೆ ಪುಕ್ಕಟೆ ಇಸ್ತ್ರಿಯಂತೆ! ಅಲ್ಲಿ ಕಾಗದದಲ್ಲಿ ಬರ್ದಿದೆ. ನಿಮ್ಮ ಪ್ಯಾಂಟು, ನನ್ನ ಸೀರೆ ಎರಡೂ ಕೊಟ್ಟೆ. ತಗೊಂಡು ಹೋಗೋಕೆ ಬಂದಿದ್ದ ಆಯಮ್ಮ, ಆ ಗವಸಿನಾಕೆ, ಎಷ್ಟು ಒಳ್ಳೇವ್ಳು ಗೊತ್ತಾ? ಕೂತ್ಕೊಳ್ಳಿ ಅಂದ್ರೆ ಮಾತ್ರ ಕೂರಲ್ಲ," ಎಂದಳು. ಹಾಳೆ ಅದರ ಜೇಬಿನಲ್ಲೇ ಇತ್ತು. ಜೇಬು ನೋಡಿದೆಯಾ ಎಂದು ಕೇಳುವ ಹಾಗಿಲ್ಲ. ಮತ್ತೆ ಸ್ನಾನದ ಮನೆಗೆ ಹೋಗಿ, ಅಲ್ಲಿನ ಫೋನಿನಲ್ಲಿ ಬಟ್ಲರನ್ನು ಹಿಡಿದು, ಕಮೋಡಿನ ಪಕ್ಕ ನಿಂತು ಪಿಸುಗುಟ್ಟಿದ. "ಪ್ಯಾಂಟಿನ ಜೇಬಲ್ಲಿ ಒಂದು ಕಾಗದ ಇತ್ತು. ರದ್ದಿ ಅದು, ಎಸೆದುಬಿಡಿ." ಆಚೆಯ ದನಿ ನಕ್ಕಂತಿತ್ತು. "ಯೋಚನೆ ಮಾಡ್ಬೇಡಿ ಸರ್, ನಮ್ಮಲ್ಲಿ ಏನೂ ಕಳೆದುಹೋಗಲ್ಲ. ಬಟ್ಟೆ ಆಗ್ಲೇ ಕೆಳಗೆ ಹೋಯ್ತು, ನಾನೇ ಹೇಳ್ತೀನಿ." ಎಸೆಯಿರಿ ಎಂದು ಇನ್ನೊಮ್ಮೆ ಹೇಳುವಷ್ಟರಲ್ಲಿ ಹೊರಗಿನಿಂದ ಹೆಂಡತಿ, "ಯಾರ ಹತ್ರ ಮಾತಾಡ್ತಿದ್ದೀರಿ? ಅಲ್ಲಿಂದಲೇ ಫೋನಾ?" ಎಂದು ನಗತೊಡಗಿದಳು. ಇಟ್ಟುಬಿಟ್ಟ.

ನಾಲ್ಕು ಗಂಟೆಗೆ ವಜ್ರದವರ ಲೌಂಜಿಗೆ ಹೋಗಿ ಚಹಾ ಕುಡಿದರು. ಅಲ್ಲಿ ಹತ್ತು ಹನ್ನೆರಡು ಜನ ಒಬ್ಬೊಬ್ಬರೇ ಒಂದೊಂದು ಮೇಜಿನಲ್ಲಿ ಕೂತಿದ್ದರು. ಎಲ್ಲರೂ ಅವನ ವಯಸ್ಸಿನ ಗಂಡಸರು, ಎಲ್ಲರ ಎದುರಿಗೂ ಒಂದು ಫೋನು, ಯಾರ ಮುಖದಲ್ಲೂ ರಜೆಯ ಕಳೆಯಿಲ್ಲ. "ಇವರೆಲ್ಲರ ಮನೇಲೂ ನನ್ನಂಥೋಳು ಒಬ್ಬೊಬ್ಬಳು ಇರ್ತಾಳೆ ಅಲ್ವಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಎರಡು ಬಿಸ್ಕತ್ತನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಅವನು ಈ ಸಲ ನಾಚಲಿಲ್ಲ. ಬೇಕಾದರೆ ತಟ್ಟೆಯನ್ನೇ ಹಾಕಿಕೊಳ್ಳಲಿ, ಆ ಹಾಳೆ ಮಾತ್ರ ಕೆಳಗಿನ ಇಸ್ತ್ರಿಯವರ ಕಸದಬುಟ್ಟಿಗೆ ಬಿದ್ದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಯಾರನ್ನು ಬೇಡುತ್ತಿದ್ದಾನೆಂಬುದು ಅವನಿಗೂ ಸ್ಪಷ್ಟವಿರಲಿಲ್ಲ.

ರೂಮಿಗೆ ಮರಳಿ ಹತ್ತು ನಿಮಿಷವಾಗಿರಲಿಲ್ಲ, ಬಾಗಿಲು ತಟ್ಟಿದ ಸದ್ದಾಯಿತು. ಬಟ್ಲರ್ ತೆಳು ಕಾಗದದಲ್ಲಿ ಸುತ್ತಿದ ಪ್ಯಾಂಟು, ಸೀರೆಗಳನ್ನು ಮಂಚದ ಮೇಲಿಟ್ಟು, ಅದರ ಮೇಲೊಂದು ದಪ್ಪ ಲಕೋಟೆ ಇಟ್ಟಳು. "ಸರ್ ಚಿಂತೆ ಮಾಡ್ತಿದ್ರು, ಜೇಬಲ್ಲಿದ್ದ ಕಾಗದ. ಸುಕ್ಕಾಗಿತ್ತು, ಇಸ್ತ್ರಿ ಮಾಡಿಸಿದೀನಿ. ಪುಸ್ತಕದಿಂದ ಹೇಗೋ ಕಿತ್ತು ಬಂದಿದೆ, ನಾಳೆ ಮತ್ತೆ ಹೊಲಿಸಿಕೊಡ್ತೀನಿ." ಅವನು ಕೈ ಚಾಚುವ ಮೊದಲೇ ಹೆಂಡತಿ ಲಕೋಟೆ ಬಿಡಿಸಿದ್ದಳು. ಮನೆಗೆ ಬಂದ ಟಪಾಲನ್ನೆಲ್ಲ ಬಿಡಿಸುವವಳು ಅವಳೇ. ಕನ್ನಡಕ ಸರಿಮಾಡಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ಕೆಂಪಾಯಿತು. ಅವಳ ಸಿಟ್ಟು ಬಟ್ಲರಿನ ಮೇಲೆ.

"ಇದೇನಮ್ಮ ಹೀಗೆ ಬರ್ದಿದ್ದೀರಿ? ಆವತ್ತು ಇವರು ಬಂದರಿನ ಊರಲ್ಲಿದ್ರು. ಆ ದಿನ ನಾನು ಮರೆಯೋಳಲ್ಲ, ನಮ್ಮಮ್ಮ ತೀರಿಕೊಂಡ ದಿನ ಅದು. ಇವರು ಅಲ್ಲಿಂದ ಎದ್ದು ಬಿದ್ದು ಬಂದ್ರು. ನೀವು ನೋಡಿದ್ರೆ ನಮ್ಮೂರಿನ ಹೋಟೆಲಲ್ಲಿ ಇದ್ರು ಅಂತ ಬರ್ದಿದ್ದೀರಿ. ಯಾರಾದ್ರೂ ಓದಿದ್ರೆ ಏನಂದ್ಕೊಳ್ತಾರೆ?"

ಬಟ್ಲರಿನ ಬೆನ್ನು ಇನ್ನಷ್ಟು ನೆಟ್ಟಗಾಯಿತು. "ಕ್ಷಮಿಸಿ ಮೇಡಂ. ತಪ್ಪು ನಮ್ದೇ. ನಾನೇ ಬರ್ದಿದ್ದು, ನಾನೇ ಮೇಲಿನವರಿಗೆ ಹೇಳಿ ಸರಿ ಮಾಡಿಸ್ತೀನಿ." ಕಂಪ್ಯೂಟರಿನಲ್ಲಿದ್ದದ್ದನ್ನು ನೋಡಿ ಬರೆದವಳು, ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಅವನ ಕಡೆ ನೋಡಲೂ ಇಲ್ಲ. ಅತಿಥಿ ಬಾಯಿಬಿಡುವ ಮೊದಲೇ ತಿಳಿಯಬೇಕಾದದ್ದನ್ನು ಅವಳು ಆಗಲೇ ತಿಳಿದಿದ್ದಳು. ಹೌದು, ತಪ್ಪಾಗಿದೆ ಎಂದರೆ ಇಲ್ಲಿಗೆ ಮುಗಿಯುತ್ತದೆ. ನಾಳೆ ಹೊಸ ಹಾಳೆ ಬರುತ್ತದೆ, ಇವಳ ಮೇಲೊಂದು ಕಪ್ಪುಚುಕ್ಕೆ ಬೀಳುತ್ತದೆ, ಹೆಂಡತಿ ಈ ಕಥೆಯನ್ನು ಮಗಳಿಗೆ ಹೇಳಿ ನಗುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆಂಡತಿ ತನ್ನ ಪರವಾಗಿ ಹೀಗೆ ಜಗಳಕ್ಕೆ ನಿಂತದ್ದನ್ನು ನೋಡಿ ಅವನಿಗೆ ವಿಪರೀತ ದಣಿವಾಯಿತು. ಇದನ್ನು ಇನ್ನು ಹೊರಲಾರೆನೆನಿಸಿತು. ಅದು ಪ್ರಾಮಾಣಿಕತೆಯಲ್ಲವೆಂದು ಆಗಲೂ ಅವನಿಗೆ ಗೊತ್ತಿತ್ತು.

"ತಪ್ಪಲ್ಲ," ಎಂದ. "ಅವರು ಬರ್ದಿರೋದು ಸರಿಯಾಗೇ ಇದೆ."

ಬಟ್ಲರ್ ಯಾವಾಗ ಹೋದಳೋ, ಬಾಗಿಲು ಮುಚ್ಚಿದ್ದೂ ಕೇಳಿಸಲಿಲ್ಲ. ಹೆಂಡತಿ ಹಾಳೆ ಹಿಡಿದೇ ನಿಂತಿದ್ದಳು.

"ಯಾರಿದ್ರು ಜೊತೇಲಿ?"

"ಯಾರೂ ಇಲ್ಲ. ಒಬ್ಬನೇ."

"ಒಬ್ಬರೇನಾ? ಮನೆ ಪಕ್ಕದಲ್ಲಿಟ್ಕೊಂಡು? ಯಾಕೆ?"

"ಕಾರ್ಡಿಗೆ ಒಂದು ರಾತ್ರಿ ಕಡಿಮೆ ಇತ್ತು." ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಯಾರಾದರೂ ಇದ್ದಿದ್ದರೇ ವಾಸಿಯಿತ್ತೆನಿಸಿತು. "ಸುಸ್ತಾಗಿತ್ತು ಕಣೇ."

ಅವಳು ಮಂಚದ ಮೇಲೆ, ಇಸ್ತ್ರಿಯ ಬಟ್ಟೆಗಳ ಪಕ್ಕ, ಮೆಲ್ಲಗೆ ಕೂತಳು. ಅಳುತ್ತಾಳೆಂದುಕೊಂಡ, ಬೈಯುತ್ತಾಳೆಂದುಕೊಂಡ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ನಾನು ಫೋನ್ ಮಾಡಿದ್ದು ಹನ್ನೊಂದು ಗಂಟೆಗೆ. ಪಕ್ಕದ ಮನೆಯಾಕೇನ ಕರ್ದು ಇಬ್ರೂ ಸೇರಿ ಅಮ್ಮನ್ನ ಬಚ್ಚಲಿಂದ ಎತ್ಕೊಂಡು ಬಂದ್ವಿ. ಒದ್ದೆ ಮೈ, ಜಾರ್ತಿತ್ತು. ಆಗ ನೀವೇನ್ ಮಾಡ್ತಿದ್ರಿ?"

"ಕೂತಿದ್ದೆ. ಶೂ ಹಾಕ್ಕೊಂಡು, ಮತ್ತೆ ಬಿಚ್ಚಿ ಕೂತಿದ್ದೆ."

"ಹನ್ನೆರಡಕ್ಕೆ ಡಾಕ್ಟರು ಬಂದು ಬರ್ಕೊಟ್ಟು ಹೋದ್ರು. ಒಂದು ಗಂಟೆಗೆ ಅಮ್ಮನ ಉಂಗುರ ತೆಗೆದೆ. ಬೆರಳು ಬಾತಿತ್ತು, ಸೋಪು ಹಚ್ಚಬೇಕಾಯ್ತು. ನೀವು?"

"ಊಟ ತರಿಸ್ದೆ."

"ತಿಂದ್ರಾ?"

"ತಿಂದೆ."

ಅವಳು ತಲೆಯಾಡಿಸಿದಳು, ಯಾರದೋ ಊರಿನ ಸುದ್ದಿ ಕೇಳುವವಳ ಹಾಗೆ. "ಎರಡು ಗಂಟೆಗೆ ಎಲ್ರೂ ಅಮ್ಮನ್ನ ತೆಗೆಯೋಣ ತೆಗೆಯೋಣ ಅಂತ ಶುರು ಮಾಡಿದ್ರು. ನಾನು ಬಿಡ್ಲಿಲ್ಲ. ನಮ್ಮನೆಯವರು ಬರೋವರೆಗೂ ಯಾರೂ ಮುಟ್ಟಬೇಡಿ ಅಂದೆ. ನೀವು?"

"ನಿದ್ದೆ ಬಂದುಬಿಡ್ತು." ಇಷ್ಟೂ ಅವನು ಮೂರು ವರ್ಷದಿಂದ ತನಗೆ ತಾನೇ ಒಪ್ಪಿಸುತ್ತ ಬಂದದ್ದೇ. ಬಾಯಿಬಿಟ್ಟು ಹೇಳುವಾಗ ಹಗುರಾಗುತ್ತಿತ್ತು ಕೂಡ. ಇನ್ನೇನು ಮುಗಿಯಿತು, ಮುಂದಿನದು ಬ್ಯಾಗು ಹಿಡಿದು ಹೊರಟದ್ದು, ಅದಾದರೆ ಆಯಿತು.

"ನಾಲ್ಕು ಗಂಟೆಗೆ ನಿಮಗೆ ಮತ್ತೆ ಫೋನ್ ಮಾಡ್ದೆ," ಎಂದಳು.

ಇಲ್ಲವಲ್ಲ ಎನ್ನಲು ಬಾಯಿತೆರೆದ. ನಾಲ್ಕು ಗಂಟೆಯ ಫೋನು ಅವನಿಗೆ ನೆನಪೇ ಇರಲಿಲ್ಲ. ಅಷ್ಟು ಸಲ ಬಿಚ್ಚಿ ಜೋಡಿಸಿದ ಆ ಮಧ್ಯಾಹ್ನದಲ್ಲಿ ಅಂಥದೊಂದು ಭಾಗ ಎಲ್ಲೂ ಕೈಗೆ ಸಿಕ್ಕಿರಲಿಲ್ಲ.

"ಎಲ್ಲಿಗೆ ಬಂದ್ರಿ ಅಂತ ಕೇಳ್ದೆ. ಈಗಷ್ಟೇ ಸೇತುವೆ ದಾಟಿದೆ ಅಂದ್ರಿ. ಗಾಡಿ ಓಡಿಸೋನಿಗೆ ಬೇಗ ಹೋಗಪ್ಪಾ ಅಂತಾನೂ ಹೇಳಿದ್ರಿ, ನನಗೆ ಕೇಳಿಸೋ ಹಾಗೆ." ಅವಳು ಹಾಳೆಯನ್ನು ಅದರ ಲಕೋಟೆಗೇ ಮತ್ತೆ ಹಾಕಿದಳು. "ನಾನು ಫೋನ್ ಇಟ್ಟು ಒಳಗೆ ಹೋಗಿ ಅಮ್ಮನ ಕಿವೀಲಿ ಹೇಳ್ದೆ. ಸೇತುವೆ ದಾಟಿದ್ರಂತಮ್ಮಾ, ಇನ್ನೊಂಚೂರು ಹೊತ್ತು, ಬಂದೇಬಿಟ್ರು, ಅಂತ."

ಬಂದರಿನ ಊರಿನ ದಾರಿಯಲ್ಲಿ ಮೂರು ಸೇತುವೆಗಳಿದ್ದವು. ಯಾವುದೆಂದು ಅವಳು ಕೇಳಲಿಲ್ಲ.